ಫ್ಲಾಸ್ಕಿನ ಮೇಲಿನ ಬೆಟ್ಟ

ಫ್ಲಾಸ್ಕಿನ ಬಿರಡೆ ತೆಗೆಯುವಾಗ ‘ಪ್ಚುಕ್’ ಅಂತ ಒಂದು ಸದ್ದು ಬರುತ್ತದಲ್ಲ, ಅದನ್ನು ನಾನು ಬಾಯಲ್ಲೇ ಮಾಡಬಲ್ಲೆ. ನನ್ನ ವಿದ್ಯೆಗಳಲ್ಲೆಲ್ಲ ಪ್ರಯೋಜನಕ್ಕೆ ಬಾರದ್ದು ಇದೇ. ಮದುವೆಮನೆಯಲ್ಲಿ ರೈಲು ಬಿಟ್ಟರೆ, ನಾಯಿ ಬೊಗಳಿದರೆ, ಏರಿನಲ್ಲಿ ಉಸಿರು ಕಟ್ಟುವ ಸರ್ಕಾರಿ ಬಸ್ಸಾದರೆ ಚಪ್ಪಾಳೆ ಬೀಳುತ್ತದೆ. ಫ್ಲಾಸ್ಕು ಮಾಡಿದರೆ ಮಾತ್ರ ಹಿಂದಿನ ಸಾಲಿನವರು ಕಾಫಿ ಬಂತೇನೋ ಎಂದು ತಿರುಗಿ ನೋಡಿ, ಬಂದಿಲ್ಲವೆಂದು ತಿಳಿದು, ನನ್ನ ಮೇಲೆ ಸಿಟ್ಟಾಗುತ್ತಾರೆ.

ಈ ಬೇಸಿಗೆಯಲ್ಲಿ ಆ ಸದ್ದನ್ನು ದಿನಕ್ಕೆ ಹತ್ತು ಸಲವಾದರೂ ಕೇಳಿದ್ದೇನೆ. ಮಾಡಿದ್ದಲ್ಲ, ಕೇಳಿದ್ದು. ದೊಡ್ಡಪ್ಪನಿಗೆ ಗಂಟೆಗೊಮ್ಮೆ ಬಿಸಿನೀರು ಕೊಡಬೇಕೆಂದು ಹಾಸನದ ಡಾಕ್ಟರು ಹೇಳಿದ್ದರು. ಕೊಡುವ ಕೆಲಸ ನನ್ನದು. ಹೊಳೆನರಸೀಪುರದ ಮೊಬೈಲ್ ಅಂಗಡಿಗೆ ಹತ್ತು ದಿನ ರಜೆ ಹಾಕಿ, ಮಡಿಲಲ್ಲಿ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದೆ. ಅಷ್ಟು ಹೊತ್ತು ಒಂದು ವಸ್ತುವನ್ನು ಎದುರಿಗಿಟ್ಟುಕೊಂಡರೆ ಅದರ ಮೇಲಿನ ಚಿತ್ರ ನಿಮ್ಮನ್ನೇ ನೋಡಲು ಶುರುಮಾಡುತ್ತದೆ.

ಕೆಂಪು ತಗಡಿನ ಮೈ. ಮಂಜಿನೊಳಗಿಂದ ಎದ್ದ ಮೂರು ಚೂಪು ಬೆಟ್ಟ. ಬಂಡೆಯ ಅಂಚಿನಲ್ಲಿ, ಒಂದೇ ಕಡೆಗೆ ಕೈ ಚಾಚಿದಂತೆ ಕೊಂಬೆ ಬಿಟ್ಟ ಒಂದು ಪೈನ್ ಮರ. ಕೆಳಗೆ ಮೆಟ್ಟಿಲ ಮೇಲೆ ಸಾಸಿವೆಕಾಳಿನಷ್ಟು ಒಬ್ಬ ಮನುಷ್ಯ. ನಾನು ಹುಟ್ಟುವ ಮೊದಲಿನಿಂದ ಆ ಮನುಷ್ಯ ಹತ್ತುತ್ತಲೇ ಇದ್ದಾನೆ, ಒಂದು ಮೆಟ್ಟಿಲೂ ಮುಂದೆ ಹೋಗಿಲ್ಲ. ಡಿಪ್ಲೊಮಾದ ಮೂರು ವಿಷಯ ಹಾಗೇ ಉಳಿಸಿಕೊಂಡ ನನಗೆ ಅವನನ್ನು ಕಂಡರೆ ಒಂದು ಥರದ ನೆಂಟಸ್ತಿಕೆ.

ದೊಡ್ಡಪ್ಪ ನಮ್ಮೂರ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಮ್ಮೂರು ಹಳೇಕೋಟೆಯಿಂದ ಸ್ವಲ್ಪ ಒಳಗೆ. ನಮ್ಮ ಮನೆಗೆ ಬುದ್ಧನ ಚಿತ್ರ ತಂದವರೂ ಅವರೇ. ಅಜ್ಜಿ ಅದನ್ನು ಊರಮ್ಮನ ಪಟದ ಪಕ್ಕ ಇಟ್ಟು, ಇಬ್ಬರಿಗೂ ಸಮನಾಗಿ ಅರಿಶಿನ ಕುಂಕುಮ ಹಚ್ಚಿದ್ದಳಂತೆ. ನನಗೆ ಸಿದ್ಧಾರ್ಥ ಎಂದು ಹೆಸರಿಟ್ಟವರೂ ದೊಡ್ಡಪ್ಪನೇ. ಊರವರು ‘ಸಿದ್ದ’ ಅನ್ನುತ್ತಾರೆ. ಬಿಟ್ಟು ಹೋಗುವಂಥ ಅರಮನೆ ನನಗಿಲ್ಲವಾದ್ದರಿಂದ ಉಳಿದರ್ಧ ಹೆಸರಿನ ಅಗತ್ಯ ಬಿದ್ದಿಲ್ಲ.

ಒಂದು ವರ್ಷ ಮಕ್ಕಳನ್ನು ಬೈಲಕುಪ್ಪೆಗೆ ಪ್ರವಾಸ ಕರೆದುಕೊಂಡು ಹೋದಾಗ ದೊಡ್ಡಪ್ಪ ಅಲ್ಲಿನ ಟಿಬೆಟಿಯನ್ನರ ಅಂಗಡಿಯೊಂದರಲ್ಲಿ ಈ ಫ್ಲಾಸ್ಕು ಕೊಂಡರು. ಊರು ಬಿಟ್ಟು ಬಂದವರ ಅಂಗಡಿಗೆ ಚೀನಾದ ಫ್ಲಾಸ್ಕು ಹೇಗೆ ಬಂತೆಂದು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ‘ಇದ್ಯಾವ ಬೆಟ್ಟ?’ ಗಿರಾಕಿಗಳ ಗಲಾಟೆಯಲ್ಲಿ ಅಂಗಡಿಯವನು, ‘ದೊಡ್ಡ ಬೆಟ್ಟ ಸಾ, ಪೂಜೆ ಬೆಟ್ಟ’ ಅಂದನಂತೆ. ಅಷ್ಟು ಸಾಕಾಯಿತು. ಊರಿಗೆ ಬಂದು ಪುಸ್ತಕ ತಿರುವಿ, ಇದು ಮಂಜುಶ್ರೀ ಬೋಧಿಸತ್ವನ ವೂತಾಯ್ ಪರ್ವತವೇ ಎಂದು ತೀರ್ಮಾನಿಸಿದರು.

‘ವೂತಾಯ್‌ಗೆ ಐದು ಶಿಖರ ಅಂದ್ರಿ, ಇಲ್ಲಿ ಮೂರೇ ಐತಲ್ಲ ಸಾ’ ಎಂದು ತರಗತಿಯಲ್ಲಿ ಯಾರೋ ಕೇಳಿದ್ದಕ್ಕೆ ದೊಡ್ಡಪ್ಪ ಫ್ಲಾಸ್ಕು ತಿರುಗಿಸಿ ತೋರಿಸಿದ್ದರು. ‘ಇನ್ನೆರಡು ಈ ಕಡೆಗವೆ. ಇಡಿಕೆ ಅಡ್ಡ ಬಂದದೆ.’

ಅಂದಿನಿಂದ ಪ್ರತಿ ಬುದ್ಧಪೂರ್ಣಿಮೆಗೆ ನಮ್ಮೂರ ಸಮುದಾಯ ಭವನದಲ್ಲಿ ಬುದ್ಧನ ಚಿತ್ರದ ಪಕ್ಕ ಫ್ಲಾಸ್ಕೂ ಮೇಜು ಏರುತ್ತದೆ. ಹೆಂಗಸರು ಅದಕ್ಕೂ ಒಂದು ಹೂವಿಡುತ್ತಾರೆ. ವಂದನೆ ಮುಗಿದ ಮೇಲೆ ಅತಿಥಿಗಳಿಗೆ ಅದರಿಂದಲೇ ಬಿಸಿ ಹಾಲು. ನಾವು ಮಕ್ಕಳು ಹತ್ತಿರ ಹೋದರೆ ಸಾಕು, ದೊಡ್ಡಪ್ಪನ ದನಿ ಎಲ್ಲಿದ್ದರೂ ಬರುತ್ತಿತ್ತು, ‘ಉಸಾರು ಕಣ್ಲಾ, ಒಳಗಡೆ ಗಾಜು.’

ಆ ದನಿಯ ವಿಷಯ ಹೇಳಬೇಕು. ನಾನು ಮೊದಲು ಕಲಿತ ದನಿ ಅದು. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಹಳೆಯ ಸ್ಕೂಟರನ್ನು ಎರಡು ಸಲ ಒದ್ದ ಹಾಗೆ. ‘ಹ್ಞೂಂ. ಹ್ಞೂಂ.’ ಆಮೇಲೆ ಗಾಡಿ ಶುರುವಾಗಿ, ‘ಏನಪ್ಪಾ ಅಂತಂದ್ರೆ’ ಎಂದು ಉರುಳುತ್ತಿತ್ತು. ಆರನೇ ತರಗತಿಯಲ್ಲಿ ಅವರಿಲ್ಲದಾಗ ಕುರ್ಚಿ ಹತ್ತಿ ನಾನದನ್ನು ಮಾಡಿದೆ. ಪಕ್ಕದ ತರಗತಿಯ ಮಕ್ಕಳು ಎದ್ದು ನಿಂತು ‘ನಮಸ್ತೇ ಸಾ’ ಅಂದುಬಿಟ್ಟರು. ಅದು ನನ್ನ ಬದುಕಿನ ಮೊದಲ ಚಪ್ಪಾಳೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ.

ಹೊಡೆಯಲಿಲ್ಲ. ‘ಎರಡ್ನೇ ಹ್ಞೂಂ ಇನ್ನೊಂಚೂರು ಕೆಳಕ್ಕೆ ಬರ್ಬೇಕು ಕಣ್ಲಾ’ ಎಂದು ತಿದ್ದಿದರು. ಆಮೇಲೆ, ‘ನನ್ ದನಿ ತಗಂಡ್ಬುಟ್ಟಿದೀಯ. ಸಂಜೆ ಮನೆತಾವ ತಂದ್ ವಾಪಸ್ ಕೊಡು’ ಅಂದರು. ಸಂಜೆ ಬೊಗಸೆ ಮುಚ್ಚಿಕೊಂಡು ಹೋಗಿ ‘ತಗಳಿ ದೊಡ್ಡಪ್ಪ’ ಅಂದೆ. ಅವರು ಅದನ್ನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ಫ್ಲಾಸ್ಕಿನ ನೀರು ಕುಡಿದು, ‘ಹ್ಞೂಂ, ಸರ್ಯಾಗೈತೆ’ ಅಂದರು. ನಾನು ಕೊಟ್ಟದ್ದು ಅಸಲು. ಒಂದು ಪ್ರತಿ ಇಟ್ಟುಕೊಂಡಿದ್ದೆ.

ಈ ವರ್ಷ ಯುಗಾದಿಯ ಹೊತ್ತಿಗೆ ಆ ಸ್ಕೂಟರು ಎರಡು ಒದೆತಕ್ಕೆ ಶುರುವಾಗುವುದನ್ನು ನಿಲ್ಲಿಸಿತು. ಮೂರು, ನಾಲ್ಕು, ಆರು. ದನಿ ಒಡೆದು ಒಡೆದು ಬರುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ದನಿ ಹೊರಡುವ ಜಾಗದಲ್ಲಿ ಕಾಳಿನಷ್ಟು ಗಂಟಿದೆ ಎಂದು ಅದನ್ನು ತೆಗೆದು, ಚೂರನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರಲು ಹತ್ತು ದಿನ. ಅಲ್ಲಿಯವರೆಗೆ ಮಾತು ಕೂಡದು, ಪಿಸುಮಾತೂ ಕೂಡದು. ಆ ದಿನ ಆಸ್ಪತ್ರೆಯಲ್ಲಿ ಟೋಕನ್ ಕೂಗುವ ಹೆಂಗಸಿನ ದನಿ ಬಹಳ ಸೊಗಸಾಗಿತ್ತು. ಕೊನೆಯ ಅಕ್ಷರವನ್ನು ಕರ್ಚೀಫಿನ ಹಾಗೆ ಮಡಚಿಡುತ್ತಿದ್ದಳು. ನಾನು ಅದನ್ನು ಕಲಿಯಲಿಲ್ಲ.

‘ಮೊಬೈಲಲ್ಲಿ ಟೈಪ್ ಮಾಡಿ ದೊಡ್ಡಪ್ಪ’ ಅಂದರೆ ಅವರು ಅಟ್ಟದಿಂದ ಸ್ಲೇಟು ಇಳಿಸಿದರು. ಪೂರ್ಣವಿರಾಮದ ಸಮೇತ ಬರೆಯುತ್ತಿದ್ದರು. ದೊಡ್ಡಮ್ಮನ ಕನ್ನಡಕ ಯಾವಾಗಲೂ ಕಳೆದಿರುತ್ತದೆ, ಹಾಗಾಗಿ ಓದಿ ಹೇಳುವವನು ನಾನು. ಮೊದಲ ದಿನ ‘ಸಾರಿಗೆ ಉಪ್ಪು ಕಡಿಮೆ.’ ಎಂದು ಬರೆದದ್ದನ್ನು ಅವರದೇ ದನಿಯಲ್ಲಿ, ಎರಡು ಹ್ಞೂಂ ಸೇರಿಸಿ ಓದಿದೆ. ದೊಡ್ಡಮ್ಮ ನಕ್ಕಳು. ದೊಡ್ಡಪ್ಪನೂ ಸದ್ದಿಲ್ಲದೆ ಹೊಟ್ಟೆ ಕುಣಿಸಿ ನಕ್ಕರು. ಮೂರನೇ ದಿನ ಯಾರೂ ನಗಲಿಲ್ಲ. ನಾನು ನನ್ನ ದನಿಯಲ್ಲೇ ಓದತೊಡಗಿದೆ.

ಅಷ್ಟರಲ್ಲಿ ಪೂರ್ಣಿಮೆ ಹತ್ತಿರ ಬಂತು. ಕರಪತ್ರ ಮೊದಲೇ ಅಚ್ಚಾಗಿತ್ತು. ‘ಬೌದ್ಧರ ಮತ್ತು ತಾವೋ ಪಂಥದವರ ಪವಿತ್ರ ಪರ್ವತಗಳು’, ಉಪನ್ಯಾಸ ದೊಡ್ಡಪ್ಪನದು. ಅವರು ಸ್ಲೇಟಿನ ಮೇಲೆ ‘ನೀನು ಮಾತಾಡು.’ ಎಂದು ಬರೆದು, ಕೆಂಪು ಇಂಕಿನ ಹಳೆಯ ನೋಟುಪುಸ್ತಕ ಕೈಗಿಟ್ಟರು.

‘ಯಾರ್ ಥರ ಮಾತಾಡ್ಲಿ ದೊಡ್ಡಪ್ಪ?’ ಅಂದೆ. ತಮಾಷೆಗೇ ಅಂದದ್ದು. ಅವರು ಒರೆಸಿ ಬರೆದರು, ‘ನಿನ್ನ ಥರ.’

ನನ್ನ ಥರ ನಾನು ಸಭೆಯಲ್ಲಿ ಮಾತಾಡಿದ್ದೇ ಇಲ್ಲ. ಅಂಗಡಿಯಲ್ಲಿ ‘ಸಿಮ್ಮಾ, ರೀಚಾರ್ಜಾ?’ ಎಂದು ಕೇಳುವಷ್ಟರ ಮಟ್ಟಿಗೆ ಒಂದು ದನಿ ಇದೆ. ಅದು ಎರಡು ಪದಕ್ಕೆ ಸುಸ್ತಾಗುತ್ತದೆ.

ನೋಟುಪುಸ್ತಕ ಓದಲು ಕೂತೆ. ಚೀನಾದ ಬೌದ್ಧರಿಗೆ ನಾಲ್ಕು ಬೆಟ್ಟ, ಒಂದೊಂದಕ್ಕೆ ಒಬ್ಬೊಬ್ಬ ಬೋಧಿಸತ್ವ. ಅಲ್ಲಿನದೇ ಇನ್ನೊಂದು ಹಳೆಯ ಪಂಥವಾದ ತಾವೋದವರಿಗೆ ಐದು, ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಒಂದು. ದಕ್ಷಿಣದ್ದೂ ಹೆಂಗ್, ಉತ್ತರದ್ದೂ ಹೆಂಗ್. ನಮ್ಮ ತರಗತಿಯ ಇಬ್ಬರು ಮಂಜುನಾಥರ ಹಾಗೆ, ಇನಿಷಿಯಲ್ ಇಲ್ಲದೆ ಹಾಜರಿ ಕರೆಯುವಂತಿಲ್ಲ. ಅವಲೋಕಿತೇಶ್ವರನ ಪುಟುವೊ ಬೆಟ್ಟದ ಮೂಲ ಹೆಸರು ಪೋತಲಕವಂತೆ, ಅದು ನಮ್ಮ ದಕ್ಷಿಣ ದೇಶದಲ್ಲಿತ್ತೆಂದು ಗ್ರಂಥಗಳು ಹೇಳುತ್ತವಂತೆ. ಅದರ ಪಕ್ಕ ದೊಡ್ಡಪ್ಪ ‘ಎಲ್ಲಿ? ನೋಡಬೇಕು.’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಅವರು ಹತ್ತಿರುವ ಅತಿ ಎತ್ತರದ ಪವಿತ್ರ ಬೆಟ್ಟ ಶ್ರವಣಬೆಳಗೊಳದ್ದು, ಅದೂ ನಲವತ್ತು ಮಕ್ಕಳನ್ನು ಎಣಿಸುತ್ತಾ.

ವೂತಾಯ್ ಪುಟದಲ್ಲಿ ನನಗೆ ಬೆವರು ಬಂತು. ಆ ಬೆಟ್ಟದಲ್ಲಿ ಮಂಜುಶ್ರೀ ಒಮ್ಮೊಮ್ಮೆ ಭಿಕ್ಷುಕನಾಗಿ, ಮುದುಕಿಯಾಗಿ ವೇಷ ಮರೆಸಿಕೊಂಡು ತಿರುಗುತ್ತಾನಂತೆ. ಅದಕ್ಕೆ ಯಾತ್ರಿಕರು ಅಲ್ಲಿ ಯಾರನ್ನೂ ಹಗುರವಾಗಿ ಕಾಣುವುದಿಲ್ಲ. ದನಿ ಅಣಕಿಸಿ ನಾನು ಹಗುರವಾಗಿ ಕಂಡವರ ಪಟ್ಟಿ ಕಣ್ಣ ಮುಂದೆ ಬಂತು. ಹಿರೀಸಾವೆಯ ಹೋಟೆಲಿನಲ್ಲಿ ಒಂದೇ ಉಸಿರಿಗೆ ಇಪ್ಪತ್ತು ತಿಂಡಿ ಹೇಳುವ ಸಪ್ಲೈಯರ್, ಮೂಗಿನಿಂದ ‘ರೈಟ್’ ಅನ್ನುವ ಅರಕಲಗೂಡು ಬಸ್ಸಿನ ಕಂಡಕ್ಟರು, ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವ ಅಜ್ಜಿ. ಇವರಲ್ಲಿ ಒಬ್ಬರು ಮಂಜುಶ್ರೀಯಾಗಿದ್ದರೂ ನಾನು ಕೆಟ್ಟೆ.

ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ಹೇಳಿದರೆ ನೀವು ನಗುತ್ತೀರಿ. ಒಂದೇ ಕಾಗದವನ್ನು ಜೆರಾಕ್ಸ್ ಮಾಡಿಸಿ ಮಾಡಿಸಿ ಅಸಲು ಮಾಸಿ ಹೋಗುತ್ತದಲ್ಲ, ಹಾಗೆ ನಾನು ಅನುಕರಿಸಿ ಅನುಕರಿಸಿಯೇ ದೊಡ್ಡಪ್ಪನ ದನಿ ಸವೆದುಹೋಯಿತೇ? ಮರುದಿನ ಬೆಳಿಗ್ಗೆ ಮಾತ್ರೆ ತರುತ್ತೇನೆಂದು ಸುಳ್ಳು ಹೇಳಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಕಡಲೆಕಾಯಿ ಅಜ್ಜಿಯನ್ನು ಐದು ವರ್ಷದಿಂದ ಅನುಕರಿಸುತ್ತಿದ್ದೇನೆ, ಅವಳ ಗಂಟಲು ಹೇಗಿದೆ ನೋಡೋಣ ಎಂದು. ಅಜ್ಜಿ ಇದ್ದಳು. ಪಕ್ಕದಲ್ಲಿ ನಿಂತು ಅವಳ ಬಾಯಿಯನ್ನೇ ನೋಡಿದೆ.

‘ತಗಳದಾದ್ರೆ ತಗ, ಬಾಯೇನ್ಲಾ ನೋಡೀಯೆ? ನಿಂಗ್ ಮದ್ವೆ ಆಗಿಲ್ವಾ?’ ಎಂದು ಅಜ್ಜಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಗದರಿದಳು. ದನಿ ಕಂಚಿನ ಹಾಗಿತ್ತು. ಎರಡು ಪೊಟ್ಟಣ ಕೊಂಡೆ. ಸಮಾಧಾನ ಬಸ್ಸು ಹೊರಡುವವರೆಗೆ ಇತ್ತು.

ಅದೇ ಬಸ್ಸಿನಲ್ಲಿ, ಹೊತ್ತು ಹೋಗಲೆಂದು, ಫ್ಲಾಸ್ಕಿನ ಫೋಟೋ ಹಾಕಿ ಮೊಬೈಲಿನಲ್ಲಿ ಬೆಟ್ಟ ಹುಡುಕಿದೆ. ಸಿಕ್ಕಿತು. ವೂತಾಯ್ ಅಲ್ಲ. ವೂತಾಯ್‌ನ ಶಿಖರಗಳು ದೋಸೆ ಕಾವಲಿಯ ಹಾಗೆ ಚಪ್ಪಟೆ. ಇದು ಹ್ವಾಂಗ್‌ಷಾನ್ ಎಂಬ ಬೇರೆ ಬೆಟ್ಟ. ಬೌದ್ಧರ ನಾಲ್ಕರಲ್ಲೂ ಇಲ್ಲ, ತಾವೋದವರ ಐದರಲ್ಲೂ ಇಲ್ಲ. ಆ ಕೈ ಚಾಚಿದ ಮರಕ್ಕೆ ‘ಅತಿಥಿಯನ್ನು ಸ್ವಾಗತಿಸುವ ಪೈನ್’ ಎಂದು ಹೆಸರಂತೆ, ಆ ದೇಶದಲ್ಲಿ ಫ್ಲಾಸ್ಕು, ತಟ್ಟೆ, ಗೋಡೆ ಎಲ್ಲದರ ಮೇಲೂ ಅದೇ ಇರುತ್ತದಂತೆ.

ಇಷ್ಟು ವರ್ಷ ನಮ್ಮೂರು ಹೂವಿಟ್ಟದ್ದು ಪಟ್ಟಿಯಲ್ಲೇ ಇಲ್ಲದ ಬೆಟ್ಟಕ್ಕೆ. ಇಂಥ ಹೊತ್ತಿನಲ್ಲಿ ಇದನ್ನು ದೊಡ್ಡಪ್ಪನಿಗೆ ಹೇಳಬೇಕೇ? ಹೇಳದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮನೆಗೆ ಬಂದವನೇ ಮೊಬೈಲು ಅವರ ಮುಂದೆ ಹಿಡಿದೆ. ದೊಡ್ಡಪ್ಪ ಪರದೆ ನೋಡಿದರು, ಫ್ಲಾಸ್ಕು ನೋಡಿದರು, ಹಿಡಿಕೆ ಸರಿಸಿ ಹಿಂದೆಯೂ ನೋಡಿದರು. ಆಮೇಲೆ ಬಳಪ ತೆಗೆದುಕೊಂಡರು. ‘ಇಷ್ಟು ವರ್ಷ ತಪ್ಪು ಪಾಠ ಮಾಡಿದ್ದೇನೆ. ಸಭೆಯಲ್ಲಿ ಹೇಳು.’

‘ನೀವೇ ಹೇಳಿ, ಮುಂದಿನ್ವರ್ಸ’ ಅಂದೆ. ಅಂದ ಮೇಲೆ ಇಬ್ಬರೂ ನೆಲ ನೋಡಿದೆವು.

ಪೂರ್ಣಿಮೆಯ ಹಿಂದಿನ ದಿನ ಬಚ್ಚಲಲ್ಲಿ ಭಾಷಣ ಅಭ್ಯಾಸ ಮಾಡುತ್ತಿದ್ದೆ. ನನ್ನ ದನಿಯಲ್ಲಿ ಎರಡು ವಾಕ್ಯಕ್ಕಿಂತ ಮುಂದೆ ಹೋಗಲಿಲ್ಲ. ಒಂದು ಸಲ, ದಾರಿ ಸಿಗಲೆಂದು, ಅವರ ದನಿಯಲ್ಲಿ ಶುರುಮಾಡಿದೆ. ‘ಹ್ಞೂಂ. ಹ್ಞೂಂ. ಏನಪ್ಪಾ ಅಂತಂದ್ರೆ...’

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು. ದೊಡ್ಡಮ್ಮ ಓಡಿ ಬಂದು ಬಚ್ಚಲ ಬಾಗಿಲು ತಟ್ಟಿದಳು. ‘ಏನೂಂದ್ರೆ, ಮಾತಾಡ್ಬ್ಯಾಡಿ ಅಂದಿಲ್ವಾ ಡಾಕ್ಟ್ರು? ನಿಮ್ ಕಾಲಿಗ್ ಬೀಳ್ತೀನಿ, ಸುಮ್ಕಿರಿ.’

ಬಾಗಿಲು ತೆಗೆದೆ. ನನ್ನನ್ನು ಕಂಡು ಅವಳು ಅಲ್ಲೇ ಹಂಡೆಯ ಪಕ್ಕ ಕೂತಳು. ಬಯ್ಯುತ್ತಾಳೆಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು, ‘ಸಿದ್ದ, ಒಂದ್ಸಲ ಇವಳೇ ಅನ್ಲಾ’ ಅಂದಳು. ದೊಡ್ಡಪ್ಪ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ‘ಇವಳೇ’ ಎಂದೇ ಕರೆಯುವುದು.

ಆಗಲಿಲ್ಲ. ಯಾರು ಯಾವುದನ್ನು ಕೇಳಿದರೂ ಮಾಡಿ ತೋರಿಸುವ ನನಗೆ ಆ ಮೂರಕ್ಷರ ಬರಲಿಲ್ಲ. ರಿಪೋರ್ಟು ಕೆಟ್ಟದಾಗಿ ಬಂದರೆ ಇವಳು ನನ್ನನ್ನು ದಿನಾ ಕೇಳುತ್ತಾಳೆ, ನಾನು ದಿನಾ ಕೊಡಬೇಕಾಗುತ್ತದೆ ಅನ್ನಿಸಿತು. ‘ಗಂಟ್ಲು ಕಟ್ಟೈತೆ ದೊಡ್ಡಮ್ಮ’ ಎಂದು ಸುಳ್ಳು ಹೇಳಿದೆ. ಅವಳು ಎದ್ದು, ಬಿಸಿನೀರು ತಂದು ನನಗೂ ಒಂದು ಲೋಟ ಕೊಟ್ಟಳು. ಸಭೆಯಲ್ಲಿ ಏನೇ ಆದರೂ ಆ ದನಿ ಎತ್ತಬಾರದೆಂದು ಅವತ್ತೇ ನಿಶ್ಚಯಿಸಿದೆ.

ಬೆಳಿಗ್ಗೆ ಹತ್ತಕ್ಕೆ ಸಭೆ. ಬುದ್ಧನ ಚಿತ್ರ, ಪಕ್ಕದಲ್ಲಿ ಫ್ಲಾಸ್ಕು, ಮೊದಲ ಸಾಲಿನಲ್ಲಿ ಸ್ಲೇಟು ಹಿಡಿದ ದೊಡ್ಡಪ್ಪ, ಪಕ್ಕದಲ್ಲಿ ದೊಡ್ಡಮ್ಮ. ನನ್ನ ಸ್ವಂತ ದನಿ ಎಷ್ಟು ಸಣ್ಣಗಿತ್ತೆಂದರೆ ಮೈಕಿನ ಪುಟ್ಟಸ್ವಾಮಣ್ಣ ಮೂರು ಸಲ ಬಂದು ಗುಂಡಿ ತಿರುಗಿಸಿದ. ಕೊನೆಗೆ, ‘ನಿನ್ ದನೀಲ್ ಯಾಕ್ಲಾ ಒದ್ದಾಡೀಯೆ, ಮೇಷ್ಟ್ರು ಥರ ಮಾಡು, ಮೈಕೇ ಬ್ಯಾಡ’ ಅಂದ. ಸಭೆ ನಕ್ಕಿತು. ನಾನು ತಲೆ ಅಲ್ಲಾಡಿಸಿ ಮುಂದುವರಿಸಿದೆ.

ಫ್ಲಾಸ್ಕಿನ ವಿಷಯ ಹೇಳಿದಾಗ ಗುಜುಗುಜು ಎದ್ದಿತು. ‘ಅಂಗಾರೆ ಇಷ್ಟ್ ದಿನ ನಾವ್ ಕೈ ಮುಗ್ದಿದ್ದು ಯಾರ್ಗ್ಲಾ?’ ಎಂದು ಪುಟ್ಟಸ್ವಾಮಣ್ಣ ಕೇಳಿದ. ಹಿಂದಿನಿಂದ ಒಬ್ಬ ಮುದುಕಿ, ‘ಬೆಟ್ಟಕ್ಕೆ ತಾನೆ ಮುಗ್ದಿದ್ದು, ಬುಡು. ಆ ಬೆಟ್ಟ ಈ ಬೆಟ್ಟಕ್ಕೆ ಯೋಳ್ತದೆ’ ಅಂದಳು. ದೊಡ್ಡಪ್ಪ ಸ್ಲೇಟಿನ ಮೇಲೆ ದೊಡ್ಡದೊಂದು ತಪ್ಪಿನ ಗುರುತು ಹಾಕಿ, ಕೆಳಗೆ ತಮ್ಮ ಹೆಸರು ಬರೆದು, ಎತ್ತಿ ಸಭೆಗೆಲ್ಲ ತೋರಿಸಿದರು.

ನಾಲ್ಕು ಬೆಟ್ಟ ಮುಗಿಯಿತು. ತಾವೋದವರ ಐದರಲ್ಲಿ ಪಶ್ಚಿಮದ ಹ್ವಾ, ಎರಡು ಹೆಂಗ್, ನಡುವಿನ ಸೊಂಗ್ ಹೇಳಿ, ಕೈ ಮುಗಿದು ಕೂರಲು ಹೊರಟೆ. ದೊಡ್ಡಪ್ಪನ ಸ್ಲೇಟು ಮೇಲೆದ್ದಿತು. ‘ತಾಯ್ ಬಿಟ್ಟೆ.’

ಬೇಕೆಂದೇ ಬಿಟ್ಟಿದ್ದೆ. ಪೂರ್ವದ ತಾಯ್ ಪರ್ವತ ಸತ್ತವರ ಆತ್ಮಗಳು ಹೋಗಿ ಸೇರುವ ಜಾಗವಂತೆ. ಆ ಬೆಟ್ಟದ ದೇವರ ಹತ್ತಿರ ಪ್ರತಿಯೊಬ್ಬರ ಆಯುಷ್ಯ ಬರೆದ ಪುಸ್ತಕ ಇದೆಯಂತೆ. ಇದನ್ನು ದೊಡ್ಡಮ್ಮನ ಮುಂದೆ, ರಿಪೋರ್ಟಿನ ಹಿಂದಿನ ದಿನ, ಹೇಗೆ ಹೇಳಲಿ? ‘ಹೊತ್ತಾಯ್ತು ದೊಡ್ಡಪ್ಪ, ಪಾಯ್ಸ ಆರೋಯ್ತದೆ’ ಅಂದೆ. ಅವರು ಸ್ಲೇಟು ಇಳಿಸಲಿಲ್ಲ. ಇಡೀ ಸಭೆ ಆ ಎರಡು ಪದ ಓದಿ ನನ್ನ ಕಡೆ ತಿರುಗಿತು.

ಬಾಯಿ ತೆರೆದೆ. ನನ್ನ ದನಿ ಬರಲಿಲ್ಲ. ಬಂದದ್ದು ‘ಹ್ಞೂಂ. ಹ್ಞೂಂ.’ ಬೇಕೆಂದು ಮಾಡಿದ್ದಲ್ಲ, ಆಣೆಯಾಗಿಯೂ ಅಲ್ಲ. ಆ ಬೆಟ್ಟವನ್ನು ನಾನು ಕಲಿತದ್ದೇ ಆ ದನಿಯಲ್ಲಿ. ‘ಏನಪ್ಪಾ ಅಂತಂದ್ರೆ, ತಾಯ್ ಪರ್ವತಕ್ಕೆ ಸಾವಿರಾರು ಮೆಟ್ಲು. ಮೇಲೆ ಪುಸ್ತಕ ಐತೆ ಅಂತ ಎಲ್ಲಾರ್ಗೂ ಗೊತ್ತು. ಗೊತ್ತಿದ್ದೂ ಜನ ಮೆಟ್ಲತ್ತಾರೆ. ಅಜ್ಜಿದೀರು ಕೋಲೂರ್ಕಂಡ್ ಅತ್ತಾರೆ. ಯಾಕಪ್ಪಾ ಅಂತಂದ್ರೆ, ಬೆಳಿಗ್ಗೆ ಅಲ್ಲಿಂದ ಸೂರ್ಯ ಉಟ್ಟೋದು ಚೆಂದಾಗ್ ಕಾಣ್ತದಂತೆ.’

ಮೊದಲು ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ದೊಡ್ಡಪ್ಪ ಸ್ಲೇಟು ಒರೆಸಿ ‘೬/೧೦’ ಎಂದು ಬರೆದರು.

ಮರುದಿನ ಹಾಸನ. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ, ಫ್ಲಾಸ್ಕು ನನ್ನ ಮಡಿಲಲ್ಲಿ. ಡಾಕ್ಟರು ಲಕೋಟೆಯಿಂದ ಕಾಗದ ತೆಗೆದು ಓದುವಷ್ಟು ಹೊತ್ತು ನಾನು ಮೆಟ್ಟಿಲ ಮೇಲಿನ ಸಾಸಿವೆ ಮನುಷ್ಯನನ್ನು ನೋಡುತ್ತಿದ್ದೆ. ‘ಹೆದರೋ ಅಂಥದ್ದೇನಿಲ್ಲ’ ಅಂದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಮತ್ತೆ ಬೆಳೆದರೆ ನೋಡಬೇಕು ಅಂತಲೂ ಅಂದರು. ‘ಎಲ್ಲಿ ಮೇಷ್ಟ್ರೇ, ಮೆತ್ತಗೆ ಏನಾದ್ರೂ ಹೇಳಿ.’

ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳಲು ಹೋದರು. ಡಾಕ್ಟರು ಬೇಡವೆಂದು ಬೆರಳೆತ್ತಿದರು, ಹಾಗೆ ಕ್ಯಾಕರಿಸುವುದು ಇನ್ನು ಕೂಡದಂತೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದವರ ಹಾಗೆ ಫ್ಲಾಸ್ಕಿನ ಕಡೆ ನೋಡಿ, ‘ನೀರು’ ಅಂದರು.

ಯಾರೋ ಬೇರೆಯವರು ಅಂದಂತಿತ್ತು. ತೆಳ್ಳಗೆ, ಅಂಚು ಸವೆದು, ಮರಳಿನ ಮೇಲೆ ಚಪ್ಪಲಿ ಎಳೆದ ಹಾಗೆ. ಅಭ್ಯಾಸಬಲದಿಂದ ನನ್ನ ನಾಲಿಗೆ ಒಳಗೇ ಅದನ್ನು ಹಿಡಿಯಲು ನೋಡಿತು. ಸಿಗಲಿಲ್ಲ. ದನಿ ಹಾಗೇ ಉಳಿಯುತ್ತದೋ ಏನೋ, ಹೇಳಲಾಗದು ಅಂದರು ಡಾಕ್ಟರು.

ಹಿಂದಿರುಗುವ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಪಕ್ಕ ಕೂತು, ಇದ್ದ ದೇವರಿಗೆಲ್ಲ ಕೈ ಮುಗಿಯುತ್ತಿದ್ದಳು. ಹೊಳೆನರಸೀಪುರ ಹತ್ತಿರ ಬಂದಾಗ ನನಗೆ ಧೈರ್ಯ ಬಂತು. ಅವಳು ಬಚ್ಚಲಲ್ಲಿ ಕೇಳಿದ್ದು ಬಾಕಿ ಇತ್ತಲ್ಲ. ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ, ‘ಹ್ಞೂಂ. ಹ್ಞೂಂ. ಇವಳೇ, ನೀರ್ ಕೊಡೆ’ ಅಂದೆ.

ದೊಡ್ಡಮ್ಮ ಬೆಚ್ಚಿ ಗಂಡನ ಕಡೆ ತಿರುಗಿದಳು, ಆಮೇಲೆ ನನ್ನ ಕಡೆ. ದೊಡ್ಡಪ್ಪನೂ ನನ್ನನ್ನೇ ನೋಡಿದರು. ಆರನೇ ತರಗತಿಯ ಬಾಗಿಲಲ್ಲಿ ನಿಂತು ಕೇಳಿದ ಹಾಗೆ ಪೂರ್ತಿ ಕೇಳಿದರು. ಎರಡನೇ ಹ್ಞೂಂ ತಿದ್ದುತ್ತಾರೆಂದು ಕಾದೆ. ನಾನು ಬೊಗಸೆ ಮುಚ್ಚಿ ಅವರ ಮುಂದೆ ಹಿಡಿದೆ.

‘ತಗಳಿ ದೊಡ್ಡಪ್ಪ.’

ಅವರು ನನ್ನ ಕೈಗಳನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು. ಆ ಹೊಸ ದನಿ ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕಿವಿ ಹತ್ತಿರ ಒಯ್ಯಬೇಕಾಯಿತು.

‘ಅಳೇದು ನಿನ್ತಾವ್ಲೇ ಇರ್ಲಿ’ ಅಂದರು. ‘ಉಸಾರಾಗ್ ಮಡೀಕ. ಒಳಗಡೆ ಗಾಜು.’